ಪೀಠದ ಮೇಲಿಲ್ಲದ ಬಟ್ಟಲು

ಬ್ರೇಕ್ ಮೇಷ್ಟ್ರಿಗೆ ಆ ಹೆಸರು ಬಂದದ್ದು ಅವರ ಬಲಗಾಲಿನಿಂದ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಕಲಿಯುವವನು ಎಡವಟ್ಟು ಮಾಡುವ ಮೊದಲೇ ಅದನ್ನು ಒತ್ತಬೇಕು. ಮೂವತ್ತೊಂದು ವರ್ಷ ಒತ್ತಿ ಒತ್ತಿ ಮೇಷ್ಟ್ರ ಕಾಲಿಗೆ ಅದು ಎಷ್ಟು ಅಂಟಿಕೊಂಡಿತ್ತೆಂದರೆ, ಸೋಫಾ ಮೇಲೆ ಕೂತು ಟಿವಿ ನೋಡುವಾಗ ಪರದೆಯಲ್ಲಿ ಲಾರಿ ಅಡ್ಡ ಬಂದರೂ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಮನೆಯವರು ನಗುತ್ತಿದ್ದರು. ಮೇಷ್ಟ್ರು ನಗುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ತಮ್ಮ ಕಾರಿಗೆ ಒಂದು ಗೀರೂ ಬಿದ್ದಿಲ್ಲ ಎಂಬ ಹೆಮ್ಮೆ ಅವರಿಗೆ ಕೊಂಚ ಜಾಸ್ತಿಯೇ ಇತ್ತು.

ವಾರದ ದಿನ ಕಾರು, ಭಾನುವಾರ ಚರ್ಚು. ಪೂಜೆಗೆ ಬೇಕಾದ್ದನ್ನೆಲ್ಲ ಜೋಡಿಸಿ ಫಾದರ್ ಪಕ್ಕದಲ್ಲಿ ನಿಲ್ಲುವುದೂ ಅವರೇ, ಮೊದಲ ಸಲ ಪರಮಪ್ರಸಾದ ಸ್ವೀಕರಿಸುವ ಮಕ್ಕಳಿಗೆ ಧರ್ಮೋಪದೇಶ ಕಲಿಸುವುದೂ ಅವರೇ. ಇಲ್ಲೂ ಅವರದು ಡ್ರೈವಿಂಗ್ ಸ್ಕೂಲಿನ ಪದ್ಧತಿ. ಪುಸ್ತಕ ಓದಿಸಿದರೆ ಗಾಡಿ ಓಡಿಸಲು ಬರುತ್ತದೆಯೇ? ಹಾಗಾಗಿ ಪಾಠವನ್ನೆಲ್ಲ ಹಬ್ಬಗಳ ಮೇಲೆಯೇ ಹತ್ತಿಸಿಬಿಟ್ಟಿದ್ದರು. ಬೂದಿ ಬುಧವಾರಕ್ಕೆ ಹಿಂದಿನ ವರ್ಷ ಗರಿಗಳ ಭಾನುವಾರ ಹಂಚಿದ್ದ ಒಣಗರಿಗಳನ್ನು ಮಕ್ಕಳ ಕೈಯಲ್ಲೇ ಸುಡಿಸಿ, ಬೂದಿ ಜರಡಿ ಹಿಡಿಸುತ್ತಿದ್ದರು. ಪವಿತ್ರ ಗುರುವಾರದ ಹಿಂದಿನ ದಿನ ಜಗಳಗಂಟರನ್ನೇ ಜೋಡಿ ಮಾಡಿ ಒಬ್ಬರ ಕಾಲನ್ನು ಇನ್ನೊಬ್ಬರಿಂದ ತೊಳೆಸುತ್ತಿದ್ದರು. ಮೃತರ ಸ್ಮರಣೆಯ ದಿನ ಸಮಾಧಿಗಳ ಕಳೆ ಕೀಳಿಸುತ್ತಿದ್ದರು. ಮಕ್ಕಳು ಮೈತುಂಬ ಬೂದಿ, ನೀರು, ಮಣ್ಣು ಮಾಡಿಕೊಂಡು ಮನೆಗೆ ಹೋಗುತ್ತಿದ್ದವು, ತಾಯಂದಿರು ಮೇಷ್ಟ್ರಿಗೆ ಶಾಪ ಹಾಕುತ್ತಿದ್ದರು. ಆದರೆ ಒಂದು ಮಗುವೂ ಕ್ಲಾಸು ತಪ್ಪಿಸುತ್ತಿರಲಿಲ್ಲ.

ಆ ವರ್ಷದ ಹನ್ನೊಂದು ಮಕ್ಕಳಲ್ಲಿ ಮೇಷ್ಟ್ರ ಮೊಮ್ಮಗಳೂ ಒಬ್ಬಳು. ಒಂಬತ್ತು ವರ್ಷ. ಮನೆಯಲ್ಲಿ ಎಲ್ಲರೂ ಅವಳನ್ನು ಲಾಯರಮ್ಮ ಎನ್ನುತ್ತಿದ್ದರು, ಏಕೆಂದರೆ ಹಲ್ಲುಜ್ಜು ಎಂದರೂ ಎರಡು ಕಡೆಯ ವಾದ ಕೇಳದೆ ಉಜ್ಜುವವಳಲ್ಲ. ಅವಳ ತಾಯಿ, ಅಂದರೆ ಮೇಷ್ಟ್ರ ಮಗಳು, ಚರ್ಚಿನೊಳಗೆ ಕಾಲಿಟ್ಟು ಹದಿನಾರು ವರ್ಷವಾಗಿತ್ತು. ಮಗುವಿನ ದೀಕ್ಷಾಸ್ನಾನದ ದಿನವೂ ಬಾಗಿಲಲ್ಲೇ ನಿಂತಿದ್ದಳು.

ಅದಕ್ಕೆ ಕಾರಣ ಮೇಷ್ಟ್ರೇ. ಹೆಂಡತಿ ಆಸ್ಪತ್ರೆಯಲ್ಲಿದ್ದಾಗ, ಹತ್ತೊಂಬತ್ತು ವರ್ಷದ ಮಗಳನ್ನು ಪಕ್ಕ ಕೂರಿಸಿಕೊಂಡು, ಒಂಬತ್ತು ದಿನ ಜಪ ಮಾಡಿದರೆ ಅಮ್ಮ ಮನೆಗೆ ಬರುತ್ತಾಳೆ, ನನಗೆ ಗೊತ್ತು ಎಂದಿದ್ದರು. ಹುಡುಗಿ ಒಂಬತ್ತು ದಿನವೂ ಮೊಣಕಾಲೂರಿ ಜಪ ಮಾಡಿದಳು. ಅಮ್ಮ ಬರಲಿಲ್ಲ. ದೇವರ ಮೇಲೆ ಅವಳಿಗೆ ಎಷ್ಟು ಸಿಟ್ಟು ಬಂತೋ ಗೊತ್ತಿಲ್ಲ, ಅಪ್ಪನ ಮೇಲಂತೂ ಬಂತು. ಮೊಮ್ಮಗಳನ್ನು ಕ್ಲಾಸಿಗೆ ಕಳಿಸು ಎಂದು ಮೇಷ್ಟ್ರು ಎರಡು ವರ್ಷ ಬೆನ್ನು ಬಿದ್ದ ಮೇಲೆ ಒಪ್ಪಿದಳು, ಒಂದು ಷರತ್ತಿನ ಮೇಲೆ.

"ನಿನಗೆ ಗೊತ್ತಿಲ್ಲದ್ದನ್ನ ಗೊತ್ತು ಅಂತ ಅವಳಿಗೆ ಹೇಳಬೇಡ ಅಪ್ಪ. ಗೊತ್ತಿದ್ದದ್ದನ್ನ ಮುಚ್ಚಿಡಲೂ ಬೇಡ. ಒಂದೇ ಒಂದು ಸಲ ಹಾಗೆ ಮಾಡಿದೆ ಅಂತ ಗೊತ್ತಾದರೂ ಅಲ್ಲಿಗೆ ಮುಗೀತು. ಚರ್ಚೂ ಇಲ್ಲ, ಕ್ಲಾಸೂ ಇಲ್ಲ."

ಮೇಷ್ಟ್ರು ಒಪ್ಪಿದರು. ಷರತ್ತಿನ ಬಿಸಿ ತಟ್ಟಿದ್ದು, ಮಕ್ಕಳು ಮೊದಲ ಪ್ರಸಾದ ಸ್ವೀಕರಿಸಲಿದ್ದ ಕ್ರಿಸ್ತನ ಶರೀರದ ಹಬ್ಬದ ಹಿಂದಿನ ಶನಿವಾರ. ಅಂದು ರಿಹರ್ಸಲ್. ಹಬ್ಬದ ದಿನ ಮಕ್ಕಳು ಮುಖ ಕಿವುಚಬಾರದೆಂದು ಮೇಷ್ಟ್ರು ಪ್ರತಿ ವರ್ಷ ಪೂಜೆಗೆ ಇನ್ನೂ ಇಡದೆ ಡಬ್ಬಿಯಲ್ಲೇ ಇರುವ ಬಿಳಿ ರೊಟ್ಟಿಯ ಬಿಲ್ಲೆ ಒಂದೊಂದು ಕೊಟ್ಟು ರುಚಿ ತೋರಿಸುತ್ತಿದ್ದರು. ಲಾಯರಮ್ಮ ಅದನ್ನು ನಾಲಿಗೆಯ ಮೇಲೆ ಹೊರಳಿಸಿ ನುಂಗಿದಳು.

"ಕಾಗದದ ಹಾಗಿದೆ. ನಾಳೆ ಕೊಡೋದು ಬೇರೆ ರುಚಿ ಇರುತ್ತಾ ತಾತ?"

"ಇಲ್ಲ. ಇದೇ ರುಚಿ. ಇದೇ ಡಬ್ಬಿಯದು. ಪೂಜೆಯಲ್ಲಿ ಪೀಠದ ಮೇಲಿರೋ ರೊಟ್ಟಿ ಮೇಲೆ ಫಾದರ್ ಪ್ರಭುವಿನ ಮಾತು ಹೇಳ್ತಾರೆ. ಆಮೇಲೆ ಅದು ರೊಟ್ಟಿ ಅಲ್ಲ, ಅವನ ಶರೀರ. ಕಣ್ಣಿಗೆ, ನಾಲಿಗೆಗೆ ಮಾತ್ರ ಹಳೇದೇ."

"ಮತ್ತೆ ನಾಳೆ ನನಗೆ ಕೊಟ್ಟಿದ್ದು ನಿಜವಾದ್ದು ಅಂತ ನನಗೆ ಹೇಗೆ ಗೊತ್ತಾಗುತ್ತೆ?"

ಗೊತ್ತಾಗುತ್ತೆ ಮಗಳೇ, ಎದೆಯೊಳಗೆ ಗೊತ್ತಾಗುತ್ತೆ ಎಂಬ ಮಾತು ತುದಿನಾಲಿಗೆಗೆ ಬಂದಿತ್ತು. ಮೇಷ್ಟ್ರು ಅದನ್ನು ನುಂಗಿಕೊಂಡರು. "ನಿನಗೆ ಗೊತ್ತಾಗದೇ ಇರಬಹುದು. ಅಲ್ಲಿ ಪಕ್ಕದಲ್ಲಿ ನಿಂತು ನೋಡಿದವರ ಮಾತು ನಂಬಬೇಕು."

"ಪಕ್ಕದಲ್ಲಿ ನಿಲ್ಲೋದು ನೀನು."

"ನಾನೇ."

"ಸರಿ" ಎಂದಳು ಲಾಯರಮ್ಮ. ಅವಳು ಇಷ್ಟು ಸುಲಭವಾಗಿ ಒಂದು ವಾದ ಬಿಟ್ಟುಕೊಟ್ಟದ್ದು ಅದೇ ಮೊದಲು. ಮೇಷ್ಟ್ರಿಗೆ ಹಿಗ್ಗಾಯಿತು, ಒಳಗೊಳಗೇ ಪುಕುಪುಕು ಎಂದೂ ಆಯಿತು.

ಭಾನುವಾರ ಚರ್ಚು ಕಿಕ್ಕಿರಿದಿತ್ತು. ಬಿಳಿ ಬಟ್ಟೆಯ ಹನ್ನೊಂದು ಮಕ್ಕಳು ಕೈಯಲ್ಲಿ ಮೇಣದ ಬತ್ತಿ ಹಿಡಿದು ಮುಂದಿನ ಬೆಂಚುಗಳಲ್ಲಿ. ಎರಡನೇ ಸಾಲಿನ ತುದಿಯಲ್ಲಿ ಮೇಷ್ಟ್ರ ಮಗಳು. ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು ಕೂತಿದ್ದಳು. ಕೈಚೀಲವನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡು ಈಗಲೋ ಆಗಲೋ ಎದ್ದು ಹೋಗುವವರ ಹಾಗೆ ಕೂತಿದ್ದಳೆನ್ನಿ, ಆದರೂ ಕೂತಿದ್ದಳು. ಮೇಷ್ಟ್ರು ಅವಳ ಕಡೆ ನೋಡಲೇ ಇಲ್ಲ. ನೋಡಿದರೆ ಎದ್ದುಬಿಟ್ಟಾಳು ಎಂದು ಹೆದರಿಕೆ.

ಕಾಣಿಕೆ ತರುವ ಹೊತ್ತಿಗೆ ಲಾಯರಮ್ಮ ಸಣ್ಣ ಬೆಳ್ಳಿ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಬಂದಳು. ಅದರಲ್ಲಿ ಮಕ್ಕಳಿಗೆಂದೇ ಎಣಿಸಿಟ್ಟ ಹನ್ನೊಂದು ಬಿಲ್ಲೆ. ಉಳಿದ ಜನಕ್ಕೆ ದೊಡ್ಡ ಪಾತ್ರೆ ಆಗಲೇ ಪೀಠದ ಮೇಲಿತ್ತು. ಫಾದರ್ ಬಟ್ಟಲು ತೆಗೆದುಕೊಂಡು, ಪೀಠದ ಮೇಲಿಡಲು ಮೇಷ್ಟ್ರ ಕೈಗೆ ಕೊಟ್ಟರು.

ಅದೇ ಕ್ಷಣಕ್ಕೆ ಬೆಂಚಿನಲ್ಲಿ ಒಬ್ಬ ಹುಡುಗ ಆಕಳಿಸಿದ. ಅವನ ಮೇಣದ ಬತ್ತಿ ಮುಂದಿನ ಹುಡುಗಿಯ ತಲೆಯ ಬಿಳಿ ಬಲೆಯತ್ತ ವಾಲಿತು. ಮೇಷ್ಟ್ರ ಬಲಗಾಲು ನೆಲ ಒತ್ತಿತು, ಎಡಗಾಲು ಓಡಿತು. ಬಟ್ಟಲನ್ನು ಪಕ್ಕದ ಮೇಜಿನ ಮೇಲೆ, ನೀರಿನ ಹೂಜಿ ಮತ್ತು ಟವೆಲಿನ ಮಗ್ಗುಲಲ್ಲಿ, ಕುಕ್ಕಿ ಇಟ್ಟು ಮೆಟ್ಟಿಲಿಳಿದು ಬತ್ತಿ ಊದಿ ಆರಿಸಿದರು. ಬಲೆಯ ಅಂಚು ಕಂದಿತ್ತು, ಅಷ್ಟೇ. ಹುಡುಗನನ್ನು ದುರುಗುಟ್ಟಿ ನೋಡಿ, ವಾಪಸು ಬಂದು ಫಾದರ್ ಕೈಗೆ ನೀರು ಹಾಕಿದರು, ಟವೆಲು ಕೊಟ್ಟರು. ಸರಿಯಾದ ಹೊತ್ತಿಗೆ ಬ್ರೇಕ್ ಒತ್ತಿದ ತೃಪ್ತಿಯಲ್ಲಿದ್ದರು. ಬಟ್ಟಲಿನ ನೆನಪು ಎಳ್ಳಷ್ಟೂ ಉಳಿಯಲಿಲ್ಲ.

ಪೀಠದ ಮೇಲಿನ ರೊಟ್ಟಿಯ ಮೇಲೆ ಫಾದರ್ ಪ್ರಭುವಿನ ಮಾತು ಹೇಳಿದರು. ಜನ ಮೊಣಕಾಲೂರಿದರು. ಗಂಟೆ ಮೊಳಗಿತು. ಪ್ರಸಾದ ಕೊಡುವ ಹೊತ್ತಿಗೆ ಮೇಷ್ಟ್ರು ಕೆಳಗಿಳಿದು, ಮಕ್ಕಳನ್ನು ಎತ್ತರದ ಪ್ರಕಾರ ಸಾಲು ನಿಲ್ಲಿಸಿದರು. ತಲೆ ಎತ್ತಿದಾಗ ಫಾದರ್ ಪೀಠದ ಮೇಲೆ ಏನನ್ನೋ ಹುಡುಕುತ್ತಿದ್ದರು. ಆಮೇಲೆ ಪಕ್ಕದ ಮೇಜಿನತ್ತ ತಿರುಗಿದರು. ಸಣ್ಣ ಬಟ್ಟಲು ಕಣ್ಣಿಗೆ ಬಿತ್ತು. ಕೈಗೆ ಸಿಗಲಿ ಎಂದು ಮೇಷ್ಟ್ರೇ ಈಗ ಅಲ್ಲಿ ತಂದಿಟ್ಟಿದ್ದಾರೆ ಎಂದುಕೊಂಡಿರಬೇಕು. ಮುಗುಳ್ನಗುತ್ತ ಅದನ್ನೆತ್ತಿಕೊಂಡು ಮೆಟ್ಟಿಲಿಳಿದರು.

ಮೇಷ್ಟ್ರಿಗೆ ಆಗ ನೆನಪಾಯಿತು. ಆ ಬಟ್ಟಲು ಪೀಠ ಹತ್ತಿಯೇ ಇರಲಿಲ್ಲ. ಅದರಲ್ಲಿದ್ದುದು ನಿನ್ನೆಯ ಕಾಗದದ ರುಚಿಯ ರೊಟ್ಟಿ, ಅಷ್ಟೇ.

ನಿಲ್ಲಿ ಫಾದರ್ ಎಂದರೆ ಮುಗಿಯುತ್ತಿತ್ತು. ಎರಡೇ ಮಾತು. ಬಲಗಾಲು ನೆಲವನ್ನು ಒತ್ತಿ ಹಿಡಿಯಿತು, ತೊಡೆಯ ನರ ಸೆಟೆದುಕೊಳ್ಳುವಷ್ಟು ಒತ್ತಿತು, ಬಾಯಿ ಮಾತ್ರ ತೆರೆಯಲಿಲ್ಲ. ಮುನ್ನೂರು ಜನ. ಫೋಟೋ ತೆಗೆಯುವ ಅಳಿಯ. ಹದಿನಾರು ವರ್ಷದ ಮೇಲೆ ಒಳಗೆ ಬಂದು ಕೂತ ಮಗಳು. "ಕ್ರಿಸ್ತನ ಶರೀರ" ಎಂದರು ಫಾದರ್. "ಆಮೆನ್" ಎಂದಿತು ಮೊದಲ ಮಗು.

ಎರಡು. ಮೂರು. ಈಗ ಹೇಳಿದರೂ ಆಗುತ್ತದೆ ಎಂದುಕೊಂಡರು. ನಾಲ್ಕು. ಲಾಯರಮ್ಮ ಏಳನೆಯವಳು, ಅವಳಿಗೆ ಮುಂಚೆ ಹೇಳಿಬಿಡುತ್ತೇನೆ. ಐದು. ಬೆವರು ಕಿವಿಯ ಹಿಂದಿನಿಂದ ಇಳಿದು ಕಾಲರಿಗೆ ಸೇರಿತು. ಆರನೆಯ ಹುಡುಗ ನಾಲಿಗೆ ತುಂಬ ಉದ್ದ ಚಾಚಿದ, ಯಾರೋ ಕಿಸಕ್ಕೆಂದರು. ಲಾಯರಮ್ಮ ಮುಂದೆ ಬಂದಳು. ಕಣ್ಣು ಮುಚ್ಚಿ, ಕತ್ತೆತ್ತಿ, ಮೇಷ್ಟ್ರು ಹೇಳಿಕೊಟ್ಟ ಹಾಗೇ, ಒಂದು ಕೂದಲೆಳೆಯೂ ತಪ್ಪದೆ.

"ಆಮೆನ್."

ಹನ್ನೊಂದೂ ಮುಗಿಯಿತು, ಬಟ್ಟಲು ಬರಿದಾಯಿತು. ಮೂವತ್ತೊಂದು ವರ್ಷ ಬೇರೆಯವರ ತಪ್ಪಿಗೆ ತಡೆ ಹಾಕಿದ ಮನುಷ್ಯ ತನ್ನ ತಪ್ಪು ಸಾಲಾಗಿ ನಡೆದು ಹೋಗುವುದನ್ನು ನಿಂತು ನೋಡಿದ.

ಪೂಜೆ ಮುಗಿದ ಮೇಲೆ, ಉಡುಪು ಬದಲಿಸುವ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಹೇಳಿದರು. ಫಾದರ್‌ಗೆ ಎಪ್ಪತ್ತೆರಡು ವರ್ಷ. ಅರ್ಧ ಬಿಚ್ಚಿದ ನಿಲುವಂಗಿಯಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತರು.

"ಪೀಠದ ಮೇಲೆ ಇರಲೇ ಇಲ್ವಾ?"

"ಇರಲಿಲ್ಲ ಫಾದರ್. ಟವೆಲ್ ಪಕ್ಕ ಇಟ್ಟು ಮರೆತೆ."

"ಹಾಗಾದ್ರೆ ಅದು ಪ್ರಸಾದ ಆಗಿಲ್ಲ. ಇಲ್ಲ ಅಂದ್ರೆ ಇಲ್ಲ." ಅವರು ಮೊಣಕಾಲು ನೀವಿಕೊಂಡರು. ಹೊರಗೆ ಅಂಗಳದಲ್ಲಿ ಮಕ್ಕಳ ಕೇಕೆ, ಕ್ಯಾಮೆರಾದವರ ಕೂಗು. "ನಾನೂ ನೋಡಬೇಕಿತ್ತು. ತಪ್ಪು ನಂದೂ ಹೌದು. ನೋಡು, ಮಕ್ಕಳ ಆಸೆ ನಿಜವಾಗಿತ್ತು. ದೇವರು ಬಟ್ಟಲು ಎಲ್ಲಿತ್ತು ಅಂತ ನೋಡಿಕೊಂಡು ಬರೋವನಲ್ಲ. ಮುಂದಿನ ಭಾನುವಾರ ಹೇಗೂ ಬರ್ತಾವೆ, ತಗೋತಾವೆ, ಅಲ್ಲಿಗೆ ಸರಿಹೋಗುತ್ತೆ. ಹಬ್ಬದ ದಿನ ಹನ್ನೊಂದು ಮಕ್ಕಳ ಮನಸ್ಸು ಮುರಿಯೋದು ಯಾಕೆ?"

ಒಳ್ಳೆಯವರು ಹೇಳಿದ ಒಳ್ಳೆಯ ಮಾತು. ಮೇಷ್ಟ್ರಿಗೆ ಅದನ್ನು ಅಪ್ಪಿಕೊಂಡುಬಿಡಬೇಕು ಎನಿಸಿತು. "ಮುಂದಿನ ಭಾನುವಾರ ಅವರು ಎರಡನೇ ಸಲ ಅಂದುಕೊಂಡು ತಗೋತಾರೆ ಫಾದರ್. ನನ್ನ ಮೊಮ್ಮಗಳು ನನ್ನ ಮಾತು ನಂಬಿ ಬಾಯಿ ತೆರೆದಿದ್ದಾಳೆ."

ಫಾದರ್ ನಿಲುವಂಗಿಯನ್ನು ಪೂರ್ತಿ ಬಿಚ್ಚಿ ಮಡಚಿಟ್ಟರು. "ಹೇಳಬೇಡ ಅಂತ ನಾನು ಕಟ್ಟಿಹಾಕಲ್ಲ. ಮೊದಲು ಹೊರಗೆ ಹೋಗಿ ಅವಳ ಮುಖ ನೋಡು. ಆಮೇಲೆ ಏನು ಮಾಡ್ತೀಯೋ ಬಂದು ಹೇಳು."

ಹೊರಗೆ ಬಂದ ಕೂಡಲೇ ಲಾಯರಮ್ಮ ಓಡಿ ಬಂದು ಸೊಂಟ ತಬ್ಬಿಕೊಂಡಳು. ಅವಳು ಹಾಗೆಲ್ಲ ತಬ್ಬುವ ಪೈಕಿಯಲ್ಲ.

"ತಾತ, ನನಗೆ ಗೊತ್ತಾಯ್ತು. ನೀನು ಗೊತ್ತಾಗಲ್ಲ ಅಂದಿದ್ದೆ, ಆದ್ರೆ ಗೊತ್ತಾಯ್ತು. ಇಲ್ಲಿ ಬಿಸಿ ಬಿಸಿ ಆಯ್ತು." ಎದೆಯ ಮೇಲೆ ಕೈಯಿಟ್ಟು ತೋರಿಸಿದಳು. "ಅಳು ಬಂತು, ಆದ್ರೆ ಬೇಜಾರಿನ ಅಳು ಅಲ್ಲ. ನಿನ್ನೆಯದಕ್ಕೂ ಇದಕ್ಕೂ ತುಂಬ ವ್ಯತ್ಯಾಸ ಇದೆ."

ಮಗಳು ಹಿಂದೆಯೇ ಬಂದಳು. ಕಣ್ಣು ಕೆಂಪಾಗಿತ್ತು. "ಅಪ್ಪ," ಎಂದು ಮೇಷ್ಟ್ರ ಕಾಲರನ್ನು ಸರಿ ಮಾಡಿದಳು. "ಮುಂದಿನ ವಾರಾನೂ ಬರ್ತೀವಿ. ನಾನೂ."

ಸುಮ್ಮನಿದ್ದರೆ ಎಲ್ಲವೂ ಸಿಗುತ್ತಿತ್ತು. ಮಗಳೂ, ಮೊಮ್ಮಗಳೂ, ಭಾನುವಾರಗಳೂ. ಬಾಯಿ ಬಿಡಬೇಕಾದ ಅಗತ್ಯವೇ ಇಲ್ಲ, ಬರೀ ನಕ್ಕರೆ ಸಾಕು. ಮೇಷ್ಟ್ರು ನಗಲು ನೋಡಿದರು. ಆಗಲಿಲ್ಲ. ಇಬ್ಬರ ಕೈಯನ್ನೂ ಹಿಡಿದು ಪಕ್ಕದ ಕ್ಲಾಸ್ ರೂಮಿಗೆ ಕರೆದುಕೊಂಡು ಹೋದರು. ಸಣ್ಣ ಬೆಂಚಿನ ಮೇಲೆ ಕೂತರು, ಮೊಮ್ಮಗಳ ಕಣ್ಣಿಗೆ ಕಣ್ಣು ಸೇರುವ ಹಾಗೆ.

"ಬಟ್ಟಲನ್ನ ನಾನು ಪೀಠದ ಮೇಲೆ ಇಡಲಿಲ್ಲ ಮಗಳೇ. ಮರೆತೆ. ನಿನಗೆ ಸಿಕ್ಕಿದ್ದು ನಿಜವಾದ್ದಲ್ಲ. ಬರೀ ರೊಟ್ಟಿ."

ಅವಳ ಮುಖದಲ್ಲಿ ಮೊದಲು ನಗುವೇ ಇತ್ತು. ತಾತ ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡಳೋ ಏನೋ. ಆಮೇಲೆ ಅದು ಸ್ವಲ್ಪ ಸ್ವಲ್ಪವೇ ಇಳಿದು ಹೋಯಿತು. ಅದನ್ನು ನೋಡುತ್ತ ಕೂರುವುದು ಮೇಷ್ಟ್ರ ಬಾಳಿನಲ್ಲೇ ಅತಿ ಕಷ್ಟದ ಕೆಲಸವಾಗಿತ್ತು.

"ಹಾಗಾದ್ರೆ ನನಗೆ ಬಿಸಿ ಆಗಿದ್ದು ಏನು?"

"ಗೊತ್ತಿಲ್ಲ."

"ಸುಳ್ಳಾ?"

"ಸುಳ್ಳು ಅಂತಾನೂ ಗೊತ್ತಿಲ್ಲ. ನಿಜವಾಗಿ ಗೊತ್ತಿಲ್ಲ ಮಗಳೇ."

"ನಿನಗೆ ಯಾವಾಗ ಗೊತ್ತಾಯ್ತು?"

ಲಾಯರಮ್ಮ ಲಾಯರಮ್ಮನೇ. "ಫಾದರ್ ಬಟ್ಟಲು ತಗೊಂಡಾಗ. ಮೊದಲನೇ ಮಗುವಿಗೂ ಮುಂಚೆ."

"ನಾನು ಏಳನೆಯವಳು."

"ಹೌದು."

"ಅಷ್ಟು ಹೊತ್ತು ಸುಮ್ಮನೆ ನಿಂತಿದ್ದೆ."

"ಹೌದು. ಹೆದರಿಕೆ ಆಯ್ತು. ಜನಕ್ಕೆ. ನಿಮ್ಮಮ್ಮ ಎದ್ದು ಹೋಗಿಬಿಡ್ತಾಳೆ ಅಂತ."

ಲಾಯರಮ್ಮ ತಲೆಗೆ ಹಾಕಿದ್ದ ಬಿಳಿ ಬಲೆಯನ್ನು ಕಿತ್ತು ಬೆಂಚಿನ ಮೇಲಿಟ್ಟು, ಗೋಡೆಯ ಕಡೆ ಮುಖ ಮಾಡಿ ನಿಂತಳು. ಮೇಷ್ಟ್ರು ಮಗಳತ್ತ ನೋಡುವ ಧೈರ್ಯ ಮಾಡಿದರು. ಅವಳು ಎದ್ದು ಹೋಗಿರಲಿಲ್ಲ. ಹೋಗುವ ಹಾಗೂ ಕಾಣಲಿಲ್ಲ, ಇರುವ ಹಾಗೂ ಕಾಣಲಿಲ್ಲ.

"ಉಳಿದ ಮಕ್ಕಳಿಗೆ?" ಎಂದಳು.

"ಈಗ ಹೇಳ್ತೀನಿ."

ಫಾದರ್‌ಗೆ ತಿಳಿಸಿ ಬಂದು, ಚರ್ಚಿನ ಗಂಟೆಯ ಹಗ್ಗವನ್ನು ಮೇಷ್ಟ್ರೇ ಎಳೆದರು. ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಕೇಳಿ ಅಂಗಳದ ಜನವೆಲ್ಲ ಗಾಬರಿಯಿಂದ ಒಳಗೆ ನುಗ್ಗಿದರು. ಫಾದರ್ ಮಾತಾಡಲು ಎದ್ದರು. ಮೇಷ್ಟ್ರು, ಇದು ನನ್ನ ಕೆಲಸ ಎಂದು ಅವರನ್ನು ಕೂರಿಸಿ, ಮೈಕಿನ ಮುಂದೆ ನಿಂತು, ಏನಾಯಿತು, ಯಾರಿಂದಾಯಿತು, ಯಾರು ಗೊತ್ತಿದ್ದೂ ಸುಮ್ಮನಿದ್ದರು, ಅಷ್ಟನ್ನೂ ಹೇಳಿದರು. ಮೂರನೇ ಸಾಲಿನಲ್ಲಿ ಒಬ್ಬ ತಂದೆ ಎದ್ದುನಿಂತು, ಇದೇನು ಮಕ್ಕಳಾಟವಾ, ನಮ್ಮ ಮನೆಗೆ ನಲವತ್ತು ಜನ ಬಂದು ಕೂತಿದ್ದಾರೆ ಎಂದು ರೇಗಿದ. ಒಬ್ಬಳು ತಾಯಿ ಅಳುತ್ತಿದ್ದಳು. ಮೇಷ್ಟ್ರು ಎಲ್ಲಕ್ಕೂ ತಲೆ ತಗ್ಗಿಸಿ ನಿಂತರು.

ದೊಡ್ಡ ಪಾತ್ರೆಯಲ್ಲಿ ಉಳಿದ ಪ್ರಸಾದ ಪೀಠದ ಹಿಂದಿನ ಪೆಟ್ಟಿಗೆಯಲ್ಲಿ ಭದ್ರವಾಗಿದೆ, ಈಗಲೇ ಕೊಡೋಣ ಎಂದರು ಫಾದರ್. ಆಗ ಆಕಳಿಸಿದ್ದ ಹುಡುಗ ಕೈಯೆತ್ತಿದ. ಅವನ ತುಟಿಯ ಸುತ್ತ ಕಂದು ಮೀಸೆ ಮೂಡಿತ್ತು.

"ಮೇಷ್ಟ್ರೇ, ನಾನು ಕೇಕ್ ತಿಂದುಬಿಟ್ಟೆ. ಪ್ರಸಾದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನಬಾರದು ಅಂತ ನೀವೇ ಹೇಳಿದ್ರಿ."

ನೋಡಿದರೆ ಆರು ಮಕ್ಕಳು ತಿಂದಿದ್ದವು. ಫಾದರ್ ಗಡಿಯಾರ ನೋಡಿದರು. "ಹಾಗಾದ್ರೆ ಒಂದು ಗಂಟೆ ಕಾಯೋಣ. ಎಲ್ಲರೂ."

ಹಬ್ಬದ ಊಟ ಆರಿ ಹೋಗುವ ಆ ಒಂದು ಗಂಟೆ ಚರ್ಚಿನಲ್ಲಿ ಗುಸುಗುಸು ನಿಲ್ಲಲಿಲ್ಲ. ಕೆಲವರು ಜಪಸರ ತೆಗೆದರು, ಕೆಲವರು ಫೋನು ತೆಗೆದರು. ಲಾಯರಮ್ಮ ಮುಂದಿನ ಬೆಂಚಿಗೆ ಹೋಗದೆ ಅಮ್ಮನ ಪಕ್ಕದಲ್ಲಿ, ಬಲೆಯಿಲ್ಲದ ಬರೀ ತಲೆಯಲ್ಲಿ, ತೋಳು ಕಟ್ಟಿಕೊಂಡು ಕೂತಳು. ಮೇಷ್ಟ್ರು ಹೋಗಿ ರಮಿಸಲಿಲ್ಲ. ಇನ್ನು ತಮ್ಮ ಮಾತಿಗೆ ಏನು ಬೆಲೆ ಎಂದು ಕಂಬದ ಪಕ್ಕ ನಿಂತೇ ಇದ್ದರು. ಬೇಡ ಎಂದರೆ ಬೇಡವೇ. ಎಳೆದು ತರುವ ಹಕ್ಕು ತಮಗಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಗಂಟೆ ತುಂಬಿತು. ಫಾದರ್ ಪೆಟ್ಟಿಗೆ ತೆರೆದು ದೊಡ್ಡ ಪಾತ್ರೆ ತಂದರು. ಮಕ್ಕಳು ಸಾಲು ನಿಂತವು. ಮೊದಲನೆಯದು, ಎರಡನೆಯದು. ಏಳನೆಯ ಜಾಗ ಖಾಲಿ ಇತ್ತು, ಎಂಟನೆಯ ಹುಡುಗಿ ಮುಂದೆ ಸರಿದಳು. ಹತ್ತು ಮುಗಿಯಿತು. ಫಾದರ್ ಒಂದು ಕ್ಷಣ ಕಾದರು. ಮೇಷ್ಟ್ರು ನೆಲ ನೋಡುತ್ತಿದ್ದರು. ಫಾದರ್ ಹಿಂದಿರುಗಲು ಅರ್ಧ ತಿರುಗಿದ್ದರು.

ಆಗ ಬೆಂಚು ಕಿರ್ರೆಂದಿತು. ಲಾಯರಮ್ಮ ಎದ್ದು ಬಂದಳು. ಫಾದರ್ ಮುಂದೆ ಹೋಗಲಿಲ್ಲ, ನೇರ ಮೇಷ್ಟ್ರ ಮುಂದೆ ಬಂದು ನಿಂತಳು.

"ಈ ಪಾತ್ರೆ ಪೀಠದ ಮೇಲಿತ್ತಾ?"

"ಇತ್ತು."

"ಫಾದರ್ ಮಾತು ಹೇಳೋವಾಗ?"

"ಆಗಲೂ ಇತ್ತು. ನಾನು ಪಕ್ಕದಲ್ಲೇ ಇದ್ದೆ. ನೋಡಿದೆ."

ಅವಳು ತಾತನ ಮುಖವನ್ನು, ತರಕಾರಿ ಆರಿಸುವವರ ಹಾಗೆ, ಎಲ್ಲ ಕಡೆಯಿಂದ ನೋಡಿದಳು. ಆಮೇಲೆ ಅವಳು ತಿರುಗಿ ಹೋಗಿ ಫಾದರ್ ಮುಂದೆ ಕತ್ತೆತ್ತಿ ನಿಂತಳು. ಈ ಸಲ ಕಣ್ಣು ಮುಚ್ಚಲಿಲ್ಲ.

"ಕ್ರಿಸ್ತನ ಶರೀರ."

"ಆಮೆನ್."

ಹಿಂದಿರುಗುವಾಗ ಕಂಬದ ಬಳಿ ನಿಂತಳು. ಬಾಯಲ್ಲಿದ್ದುದು ಕರಗಿ ಮುಗಿಯುವವರೆಗೂ ಮಾತಾಡಬಾರದೆಂದು ಹೇಳಿಕೊಟ್ಟಿದ್ದರಲ್ಲ, ಅಷ್ಟು ಹೊತ್ತೂ ಕಾದಳು.

"ತಾತ," ಎಂದು ಪಿಸುಗುಟ್ಟಿದಳು, "ಈ ಸಲ ಏನೂ ಆಗಲಿಲ್ಲ. ಬಿಸಿನೂ ಇಲ್ಲ, ಅಳೂ ಇಲ್ಲ. ಬರೀ ಕಾಗದ."

ಮೇಷ್ಟ್ರು ತಲೆಯಾಡಿಸಿದರು. ಹೂಂ ಎಂದರು.

"ಆದ್ರೂ ಇದೇನಾ ನಿಜವಾದ್ದು?"

"ಇದೇ."

"ಸರಿ" ಎಂದು ಅವಳು ಎರಡನೇ ಸಾಲಿಗೆ ಹೋಗಿ, ಕೈಚೀಲವನ್ನು ಕೆಳಗಿಟ್ಟು ಕೂತಿದ್ದ ಅಮ್ಮನ ಪಕ್ಕದಲ್ಲಿ ಮೊಣಕಾಲೂರಿದಳು. ಮೇಷ್ಟ್ರು ಕಂಬಕ್ಕೆ ಒರಗಿ, ಮುನ್ನೂರು ಜನ ನೋಡುತ್ತಿದ್ದರೂ ಲೆಕ್ಕಿಸದೆ, ಮಕ್ಕಳಂತೆ ಅತ್ತರು.